ಮೂರು ಕಾಲಿನ ಸ್ಟ್ಯಾಂಡು

ಮನೆಯ ಮಾಲೀಕರದು ಒಂದೇ ಕಟ್ಟಪ್ಪಣೆ. ಬಾಡಿಗೆ ನಾಲ್ಕು ದಿನ ತಡವಾದರೂ ಸಹಿಸುತ್ತಿದ್ದರು, ನೆಂಟರು ಬಂದು ತಿಂಗಳುಗಟ್ಟಲೆ ಕೂತರೂ ಕೇಳುತ್ತಿರಲಿಲ್ಲ. ಗೋಡೆಗೆ ಮಾತ್ರ ಮೊಳೆ ಹೊಡೆಯಕೂಡದು. ಈ ಮಾತು ಮಗನಿಗೆ ನೆನಪಾದದ್ದು ದೊಡ್ಡ ಟಿವಿ ಕೊಂಡು ತಂದು, ಪೆಟ್ಟಿಗೆ ಬಿಚ್ಚಿ, ಗೋಡೆಗೆ ಸಿಕ್ಕಿಸುವ ಕಬ್ಬಿಣದ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡ ಮೇಲೆ.

"ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ," ಎಂದಳು ಸೊಸೆ. "ಈಗ ಇದನ್ನ ಎಲ್ಲಿಡೋದು, ನನ್ನ ತಲೆ ಮೇಲಾ?"

"ಅಂಗಡೀಲಿ ಸ್ಟ್ಯಾಂಡ್ ಸಿಗುತ್ತೆ ಕಣೇ."

"ಸ್ಟ್ಯಾಂಡ್ ಕೊಳ್ಳೋದಾ?" ಅಡುಗೆಮನೆ ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದ ಅಪ್ಪ ಲೋಟ ಕೆಳಗಿಟ್ಟರು. "ಯಾಕೆ, ಮನೇಲಿ ನಾನು ಸತ್ತಿದೀನಾ?"

ಅಪ್ಪನನ್ನು ಬೀದಿಯವರೆಲ್ಲ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಹೆಂಡತಿಯೂ. ಪಕ್ಕದ ಬೀದಿಯಲ್ಲಿ ಅವರದೊಂದು ವೆಲ್ಡಿಂಗ್ ಶೆಡ್ಡು. ನಲವತ್ತು ವರ್ಷ ಕಿಟಕಿ ಸರಳು, ಗೇಟು, ಮೆಟ್ಟಿಲ ಕಂಬಿ ಮಾಡಿದ ಕೈ. ಅಂಥವರ ಮನೆಗೆ ಅಂಗಡಿಯ ಸ್ಟ್ಯಾಂಡು ಬರುವುದೆಂದರೆ ಅವಮಾನವೇ ಸರಿ.

ಸೊಸೆಗೆ ಇದರಲ್ಲಿ ಬೇರೆಯದೇ ಆಸೆ ಇತ್ತು. ಅವಳು ಪರದೆ ಬಟ್ಟೆಯ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ದಿನಾ ಯಾರ್‍ಯಾರದೋ ಮನೆಗೆ ಹೋಗಿ ಕಿಟಕಿ ಅಳೆದು, ಅವರ ಚೆಂದದ ಹಾಲ್‌ಗಳನ್ನು ಕಣ್ಣು ತುಂಬ ನೋಡಿ, ಸಂಜೆ ತನ್ನ ಹತ್ತು ಅಡಿ ಹನ್ನೊಂದು ಅಡಿಯ ಹಾಲ್‌ಗೆ ಬರುತ್ತಿದ್ದಳು. ಅಲ್ಲಿ ನಡು ಕುಸಿದ ಸೋಫಾ, ಬಣ್ಣ ಹೋದ ಕುರ್ಚಿ, ಮೂಲೆಯಲ್ಲಿ ಒಣಗುವ ಬಟ್ಟೆ. ಈ ಸಲ ಅವಳು ಪಟ್ಟು ಹಿಡಿದಿದ್ದಳು. ಸೋಫಾಕ್ಕೆ ಬೂದು ಬಣ್ಣದ ಹೊದಿಕೆ, ಅಂಗಡಿಯ ಮಾದರಿ ತುಂಡುಗಳಿಂದ ಹೊಲಿದ ಆರು ದಿಂಬು, ಕಿಟಕಿಗೆ ಸಾಸಿವೆ ಬಣ್ಣದ ಪರದೆ, ನೆಲಕ್ಕೊಂದು ದುಂಡನೆಯ ಚಾಪೆ. ಇವೆಲ್ಲದರ ನಡುವೆ ಟಿವಿ ಒಬ್ಬ ಮನುಷ್ಯನ ಹಾಗೆ ತನ್ನ ಕಾಲ ಮೇಲೆ ತಾನು ನಿಲ್ಲಬೇಕು.

"ಈ ಥರ ಮಾವ," ಎಂದು ಫೋನಿನಲ್ಲಿ ಚಿತ್ರ ತೋರಿಸಿದಳು. ಮೂರು ತೆಳ್ಳನೆಯ ಕಾಲುಗಳ ಬಿಳಿ ಸ್ಟ್ಯಾಂಡು.

"ಇದೇನು, ಕೊಕ್ಕರೆ ಕಾಲು! ದಪ್ಪ ಪೈಪ್ ಹಾಕ್ತೀನಿ."

"ದಪ್ಪ ಬೇಡ ಮಾವ, ದನದ ಕೊಟ್ಟಿಗೆ ಥರ ಆಗುತ್ತೆ."

ಮೇಸ್ತ್ರಿ ತೆಳ್ಳನೆಯದನ್ನೇ ಮಾಡಿದರು. ಸಂಜೆ ಶೆಡ್ಡಿಗೆ ನೋಡಲು ಬಂದ ಸೊಸೆ ಸುತ್ತ ತಿರುಗಿ, ಬೆಸುಗೆ ಹಾಕಿದ ಕಡೆ ಬೆರಳಾಡಿಸಿದಳು. "ಚೆನ್ನಾಗಿದೆ ಮಾವ. ಆದ್ರೆ ಈ ಗಂಟುಗಳು ಕಾಣುತ್ವಲ್ಲ."

"ಗಂಟು ಇದ್ರೇನೇ ಹಿಡಿಯೋದಮ್ಮ."

"ಸ್ವಲ್ಪ ಉಜ್ಜಿಬಿಡಿ ಮಾವ. ಬಿಳಿ ಬಣ್ಣಕ್ಕೆ ಎದ್ದು ಕಾಣುತ್ತೆ."

ಒಳ್ಳೆಯ ಬೆಸುಗೆ ಲೋಹದ ಒಳಕ್ಕಿಳಿದು ಕೂರುತ್ತದೆ. ಮೇಲಿನ ಗಂಟು ಉಜ್ಜಿದರೂ ಒಳಗಿನದು ಹಿಡಿದಿರುತ್ತದೆ. ಮೇಸ್ತ್ರಿಗೆ ಇದು ಗೊತ್ತು. ಇನ್ನೊಂದು ವಿಷಯವೂ ಗೊತ್ತಿತ್ತು: ಕೆಲವು ತಿಂಗಳಿಂದ ಅವರ ಬಲಗೈ ನಡುಗುತ್ತಿತ್ತು. ರಾಡು ಹಿಡಿದಾಗ ಬೆಂಕಿ ಒಂದು ಕಡೆ ನಿಲ್ಲದೆ ಅತ್ತಿತ್ತ ಹರಿಯುತ್ತಿತ್ತು. ಈ ಸ್ಟ್ಯಾಂಡಿನ ಹಿಂದಿನ ಕಾಲಿನಲ್ಲಿ ಬೆಸುಗೆ ಒಳಕ್ಕಿಳಿದಿದೆಯೋ ಇಲ್ಲವೋ ಎಂದು ಅವರಿಗೇ ಅನುಮಾನವಿತ್ತು. ಆದರೂ ಸೊಸೆಯ ಎದುರು ಆಗುವುದಿಲ್ಲ ಎನ್ನಲು ನಾಲಿಗೆ ಬರಲಿಲ್ಲ. ಗ್ರೈಂಡರ್ ಹಿಡಿದು ಗಂಟನ್ನೆಲ್ಲ ಸವರಿ, ಕನ್ನಡಿ ಹಾಗೆ ಮಾಡಿ, ಎರಡು ಸುತ್ತು ಬಿಳಿ ಬಣ್ಣ ಬಳಿದರು.

ಅದೇ ವಾರ ಅವರು ಇನ್ನೊಂದು ಕೆಲಸ ಮುಗಿಸಿದ್ದರು. ಬೇಕರಿಯ ಮೇಲಿನ ಮಹಡಿಯಲ್ಲಿ ಶಿಶುವಿಹಾರ ಶುರುವಾಗುತ್ತಿತ್ತು. ಮಕ್ಕಳು ಆಡುವ ಬಾಲ್ಕನಿಯ ಕಂಬಿ ಮೇಸ್ತ್ರಿಯದೇ. ಮಕ್ಕಳ ಕೈಗೆ ಗೀರಬಾರದೆಂದು ಅಲ್ಲಿಯ ಟೀಚರಮ್ಮನೂ ಗಂಟು ಉಜ್ಜಿಸಿದ್ದರು.

ಮೊದಲ ವಾರ ಮನೆಯಲ್ಲಿ ಸಂಭ್ರಮ. ಮೊಮ್ಮಗಳು ಬುಗುರಿ, ಎರಡು ವರ್ಷದವಳು, ನಿಂತಲ್ಲಿ ನಿಲ್ಲದ್ದಕ್ಕೇ ಆ ಹೆಸರು, ದುಂಡು ಚಾಪೆಯ ಮೇಲೆ ಸುತ್ತಿ ಸುತ್ತಿ ಬೀಳುತ್ತಿದ್ದಳು. ಅಜ್ಜಿ ಹೊಸ ಹೊದಿಕೆಯ ಸೋಫಾದಲ್ಲಿ ಕೂತು ಬಟಾಣಿ ಸುಲಿದರು.

"ದಿಂಬಿಗೆ ಎಣ್ಣೆ ಕೈ ತಾಗಿಸ್ಬೇಡಿ ಅತ್ತೆ."

"ಹಂಗಾದ್ರೆ ನಿಂತ್ಕೊಂಡೇ ಇರ್ತೀನಿ ಬಿಡಮ್ಮ. ಟಿವಿ ನಿಂತಿದೆ, ನಾನೂ ನಿಲ್ತೀನಿ."

"ನಿಮ್ಮನ್ನ ಯಾರು ನಿಲ್ಲಿ ಅಂದ್ರು? ಮತ್ತೆ ಮಾವನಿಗೆ ಯಾಕೆ ಯಾವಾಗಲೂ ಅರ್ಧ ಲೋಟ ಚಹಾ? ಹಾಲು ಉಳಿಸ್ತೀರಾ?"

"ಜಾಸ್ತಿ ಕುಡಿದ್ರೆ ಪಿತ್ತ," ಎಂದು ಅಜ್ಜಿ ಬಟಾಣಿಯ ಕಡೆ ತಿರುಗಿದರು.

ಎರಡನೆಯ ವಾರ, ಒಂದು ಬೆಳಿಗ್ಗೆ, ಮಗನೂ ಸೊಸೆಯೂ ಕೆಲಸಕ್ಕೆ ಹೋದ ಮೇಲೆ ಮೇಸ್ತ್ರಿ ಸ್ಟ್ಯಾಂಡಿನ ಧೂಳು ಒರೆಸಲು ಬಗ್ಗಿದರು. ಹಿಂದಿನ ಕಾಲು ಮೇಲಿನ ಚೌಕಟ್ಟಿಗೆ ಸೇರುವ ಕಡೆ ಬಿಳಿ ಬಣ್ಣದಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ. ಒರೆಸಿದರು, ಹೋಗಲಿಲ್ಲ. ಉಗುರಿನಿಂದ ಕೆರೆದರು. ಸೀಳು.

ಅವರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಮೊದಲು ಹೆದರಿದ್ದು ಬುಗುರಿಗಾಗಿ. ಮೇಲೆ ಅಷ್ಟು ಭಾರ, ಕೆಳಗೆ ಆ ಮಗು. ಎರಡನೆಯ ಹೆದರಿಕೆ ಅದಕ್ಕಿಂತ ನಿಧಾನವಾಗಿ ಬಂತು, ಅದಕ್ಕಿಂತ ದೊಡ್ಡದಾಗಿ ಬಂತು. ಅದೇ ಕೈ, ಅದೇ ವಾರ, ಬೇಕರಿಯ ಮಹಡಿ.

"ಏನಾಯ್ತು ರೀ, ಯಾಕೆ ಹಂಗೆ ಕೂತ್ರಿ?" ಎಂದು ಅಜ್ಜಿ ಒಳಗಿನಿಂದ ಕೇಳಿದರು.

"ಏನಿಲ್ಲ. ಸೊಂಟ."

ಆ ದಿನ ಶೆಡ್ಡಿನಲ್ಲಿ ಬಾಗಿಲು ಮುಚ್ಚಿಕೊಂಡು ಮೂರು ಜೊತೆ ತುಂಡು ಪೈಪಿಗೆ ಬೆಸುಗೆ ಹಾಕಿದರು. ಆರಿದ ಮೇಲೆ ಒಂದೊಂದನ್ನೂ ಕಟ್ಟೆಯ ಅಂಚಿಗಿಟ್ಟು ಅಮುಕಿದರು. ಮೂರೂ ಮುರಿದವು. ನಲವತ್ತು ವರ್ಷದ ಮೇಲೆ ತಮ್ಮ ಕೈಯನ್ನು ತಾವೇ ನಂಬಲಾಗದೆ, ಮೇಸ್ತ್ರಿ ಆ ಆರು ತುಂಡುಗಳನ್ನು ಗೋಣಿಚೀಲದ ಅಡಿಗೆ ಅಡಗಿಸಿದರು.

ಹೇಳಿಬಿಡಬಹುದಿತ್ತು. ಹೇಳಿದರೆ ಶೆಡ್ಡು ಮುಚ್ಚಬೇಕು. ಶೆಡ್ಡು ಮುಚ್ಚಿದರೆ ಮೇಸ್ತ್ರಿ ಎಂದು ಕರೆಯುವವರು ಯಾರು? ಅವರು ಹೇಳಲಿಲ್ಲ. ಸ್ಟ್ಯಾಂಡನ್ನು ಮತ್ತೆ ಬಣ್ಣಕ್ಕೆಂದು ಶೆಡ್ಡಿಗೆ ಒಯ್ಯುತ್ತೇನೆ ಎಂದಾಗ ಸೊಸೆ ಬಿಡಲಿಲ್ಲ. ಶನಿವಾರ ಅವಳ ಅಂಗಡಿಯ ಗೆಳತಿಯರು ಹಾಲ್ ನೋಡಲು ಬರುವವರಿದ್ದರು.

ಮೇಸ್ತ್ರಿ ನೈಲಾನ್ ಹಗ್ಗ ತಂದು, ಪರದೆಯ ಹಿಂದಿನಿಂದ ಸ್ಟ್ಯಾಂಡನ್ನು ಕಿಟಕಿಯ ಸರಳಿಗೆ ಬಿಗಿದರು. ಆಮೇಲೆ ಟಿವಿಯ ಪಕ್ಕ ಒಂದು ಮಣೆ ಹಾಕಿಕೊಂಡು ಕೂತರು. ಆ ದಿನ, ಮರುದಿನ, ಅದರ ಮರುದಿನ.

"ಟಿವಿ ನೋಡೋಕೆ ಎದುರಿಗೆ ಕೂರೋರನ್ನ ನೋಡಿದೀನಿ," ಎಂದ ಮಗ, ಬ್ರೆಡ್ಡು ಅಗಿಯುತ್ತ. "ಪಕ್ಕದಲ್ಲಿ ಕೂರೋರನ್ನ ಇವತ್ತೇ ನೋಡಿದ್ದು. ಏನಪ್ಪಾ, ಒಳಗಿನ ಜನ ಹೊರಗೆ ಬಂದಾರು ಅಂತ ಕಾವಲಾ?"

"ಶಬ್ದ ಚೆನ್ನಾಗಿ ಕೇಳುತ್ತೆ."

"ಶೆಡ್ಡಿಗೆ ಹೋಗಲ್ವಾ? ಮೂರು ದಿನ ಆಯ್ತು."

"ಹೋದ್ರೆ ಹೋದೆ, ಬಿಟ್ರೆ ಬಿಟ್ಟೆ. ನಿನಗೆ ಲೆಕ್ಕ ಕೊಡ್ಬೇಕಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಎನ್ನುವಂತಾಗಿತ್ತು ಅವರ ಪಾಡು. ಬುಗುರಿ ಚಾಪೆ ದಾಟಿದರೆ ಗದರುವರು. ಯಾರಾದರೂ ಬಾಗಿಲು ಜೋರಾಗಿ ಹಾಕಿದರೆ ಎದ್ದು ನಿಲ್ಲುವರು. ಊಟದ ತಟ್ಟೆಯನ್ನೂ ಅಲ್ಲಿಗೇ ತರಿಸಿಕೊಂಡು, ಒಂದು ಕೈ ಸ್ಟ್ಯಾಂಡಿನ ಮೇಲಿಟ್ಟು, ಇನ್ನೊಂದರಿಂದ ಅನ್ನ ಕಲಸುವರು. ಕೆಳಗೆ ಬಿದ್ದ ಅಗುಳನ್ನು ಸೊಸೆ ಚಾಪೆಯಿಂದ ಆರಿಸುತ್ತ ಹಲ್ಲು ಕಚ್ಚಿದಳು.

ಶನಿವಾರ ಅಂಗಡಿ ಅರ್ಧ ದಿನ. ಸೊಸೆ ಬಂದವಳೇ ಸೆರಗು ಸಿಕ್ಕಿಸಿ ಗುಡಿಸಲು ನಿಂತಳು. ಪರದೆ ಸರಿಸಿದಾಗ ಹಗ್ಗ ಕಂಡಿತು.

"ಅತ್ತೆ, ಇದೇನು? ಬಟ್ಟೆ ಒಣಹಾಕೋಕೆ ಇಲ್ಲೂ ಹಗ್ಗ ಕಟ್ಟಿದ್ರಾ?"

"ನಾನಲ್ಲಮ್ಮ."

ಮೇಸ್ತ್ರಿ ಆಗ ಸ್ನಾನದ ಮನೆಯಲ್ಲಿದ್ದರು. ಸೊಸೆ ಕತ್ತರಿ ತಂದು ಹಗ್ಗ ಕತ್ತರಿಸಿ, ಕಸದ ಬುಟ್ಟಿಗೆ ಹಾಕಿ, ಪರದೆಯ ನೆರಿಗೆ ಸರಿಮಾಡಿದಳು.

ಗೆಳತಿಯರಿಬ್ಬರು ಬಂದರು. ಮಗ ಬಿಸ್ಕತ್ತಿನ ತಟ್ಟೆ ತಂದಿಟ್ಟ. ದಿಂಬು ಮುಟ್ಟಿ ನೋಡಿದರು, ಪರದೆಯ ಬಟ್ಟೆ ಯಾವ ತಾನಿನದು ಎಂದು ಗುರುತು ಹಿಡಿದು ನಕ್ಕರು. "ಇಷ್ಟು ಜಾಗದಲ್ಲಿ ಎಷ್ಟು ಚೆಂದ ಮಾಡಿದೀಯ ಕಣೇ!" ಸೊಸೆಯ ಮುಖ ಅರಳಿತು. ಒದ್ದೆ ತಲೆ ಒರೆಸಿಕೊಳ್ಳುತ್ತ ಬಂದ ಮೇಸ್ತ್ರಿ ಮಣೆಯ ಕಡೆ ಹೊರಟಿದ್ದರು. "ಮಾವ, ಇವತ್ತೊಂದು ದಿನ ಒಳಗೆ ಕೂತ್ಕೊಳ್ಳಿ," ಎಂದು ಅವಳು ಹಲ್ಲಿನ ನಡುವೆ ಹೇಳಿದಳು. ಅವರು ಅಡುಗೆಮನೆ ಬಾಗಿಲಲ್ಲಿ ನಿಂತರು. ಹಗ್ಗ ಇದೆಯಲ್ಲ ಎಂದುಕೊಂಡು ಕಿಟಕಿಯ ಕಡೆ ನೋಡಿದರು. ಹಗ್ಗ ಇರಲಿಲ್ಲ.

ಅದೇ ಗಳಿಗೆಗೆ ಟಿವಿಯಲ್ಲಿ ಬಾತುಕೋಳಿಗಳು ಬಂದವು. ಬುಗುರಿ ಕೇಕೆ ಹಾಕಿ ಓಡಿ, ಎರಡೂ ಅಂಗೈಯನ್ನು ತೆರೆಯ ಮೇಲೆ ಬಡಿದಳು. ಟಿವಿ ಹಿಂದಕ್ಕೆ ವಾಲಿ, ಮುಂದಕ್ಕೆ ಬಂತು.

ಮೇಸ್ತ್ರಿ ಹಾರಿದರು. ಒಂದು ಕೈ ಟಿವಿಗೆ ಕೊಟ್ಟು, ಇನ್ನೊಂದರಿಂದ ಮಗುವನ್ನು ಬೀಸಿ ತಳ್ಳಿದರು. ಬುಗುರಿ ಮಣೆಯ ಅಂಚಿಗೆ ಬಿದ್ದಳು. ತುಟಿ ಒಡೆದು ರಕ್ತ ಬಂತು.

ಯಾರಿಗೂ ಟಿವಿ ವಾಲಿದ್ದು ಕಾಣಲಿಲ್ಲ. ಎಲ್ಲರಿಗೂ ಕಂಡದ್ದು ಅಜ್ಜ ಮೊಮ್ಮಗಳನ್ನು ಹೊಡೆದು ಬೀಳಿಸಿದ್ದು.

ಗೆಳತಿಯರು ಬಿಸ್ಕತ್ತು ಅರ್ಧಕ್ಕೇ ಬಿಟ್ಟು ಹೋದರು. ಬಾಗಿಲು ಮುಚ್ಚುತ್ತಲೇ ಸೊಸೆ ಬಾಯಿ ಬಿಟ್ಟಳು.

"ಒಂದು ಟಿವಿ ಮುಟ್ಟಿದ್ದಕ್ಕೆ ಎರಡು ವರ್ಷದ ಮಗೂನ ಹೀಗೆ ತಳ್ತಾರಾ? ಟಿವಿ ದೊಡ್ಡದಾಯ್ತಾ ನಿಮಗೆ, ನನ್ನ ಮಗುಗಿಂತ?"

"ಅದಲ್ಲಮ್ಮ..."

"ಮತ್ತೇನು? ಹೇಳಿ!"

ಮೇಸ್ತ್ರಿಯ ಕೈ ನಡುಗುತ್ತಿತ್ತು, ಅದನ್ನು ಟವೆಲಿನೊಳಗೆ ಮುಚ್ಚಿಕೊಂಡರು.

"ನೋಡಿ, ಹೇಳೋಕೆ ಏನೂ ಇಲ್ಲ." ಸೊಸೆ ಗಂಡನ ಕಡೆ ತಿರುಗಿದಳು. "ಮೂರು ವರ್ಷ ತುಂಬೋವರೆಗೂ ಮನೇಲಿರ್ಲಿ ಅಂದಿದ್ದೆ. ಇನ್ನು ಇವರ ಹತ್ರ ಬಿಡಲ್ಲ. ಬೇಕರಿ ಮೇಲಿನ ಶಿಶುವಿಹಾರ ಸೋಮವಾರ ಶುರು. ಟೀಚರಮ್ಮಂಗೆ ಫೋನ್ ಮಾಡಿ ಸೇರಿಸ್ತೀನಿ."

ಮೇಸ್ತ್ರಿ ಮಣೆ ಎಳೆದುಕೊಂಡು ಟಿವಿಯ ಪಕ್ಕ ಕೂತವರು ಆ ರಾತ್ರಿ ಅಲ್ಲಿಂದ ಏಳಲಿಲ್ಲ.

ಭಾನುವಾರ ಮಧ್ಯಾಹ್ನದ ಊಟಕ್ಕೆ ಅನ್ನ, ಬೇಳೆ, ಬೇಯಿಸಿದ ಮೊಟ್ಟೆ. ತುಟಿ ಊದಿದ ಬುಗುರಿ ಅಜ್ಜನನ್ನು ಕಂಡು ಅಮ್ಮನ ಹಿಂದೆ ಸರಿದಳು. ಸೊಸೆ ಒಂದು ಪುಟ್ಟ ಚೀಲಕ್ಕೆ ಲೋಟ, ಟವೆಲು, ಒಂದು ಜೊತೆ ಬಟ್ಟೆ ತುಂಬುತ್ತಿದ್ದಳು.

"ನಾಳೆ ಮಗೂನ ಅಲ್ಲಿಗೆ ಕಳಿಸ್ಬೇಡ," ಎಂದರು ಮೇಸ್ತ್ರಿ.

"ಮನೇಲಿಟ್ಟು ಏಟು ತಿನ್ನಿಸಲಾ?"

"ಕಳಿಸ್ಬೇಡ ಅಂದೆ!" ತಟ್ಟೆ ಸರಿಸಿ ಎದ್ದರು. "ಮಗನೇ, ಆ ಟಿವಿ ಕೆಳಗಿಳಿಸು."

"ಯಾಕಪ್ಪಾ?"

"ಇಳಿಸೋ!"

ಮಗ ಹೆಂಡತಿಯ ಮುಖ ನೋಡಿ, ಟಿವಿ ಇಳಿಸಿ ಸೋಫಾದ ಮೇಲಿಟ್ಟ. ಮೇಸ್ತ್ರಿ ಸ್ಟ್ಯಾಂಡನ್ನು ಅಡ್ಡ ಮಲಗಿಸಿ, ಹಿಂದಿನ ಕಾಲಿನ ಮೇಲೆ ಪಾದವಿಟ್ಟು ಒಂದು ಸಲ ಅಮುಕಿದರು. ಕಡ್ಡಿ ಮುರಿದ ಹಾಗೆ ಮುರಿಯಿತು.

ಮುರಿದ ತುದಿಯನ್ನು ಎತ್ತಿ ಸೊಸೆಯ ಮುಂದೆ ಹಿಡಿದರು. ಅಂಚಿನಲ್ಲಿ ಮಾತ್ರ ತೆಳ್ಳಗೆ ಹೊಳೆಯುತ್ತಿತ್ತು, ಒಳಗೆಲ್ಲ ಕಪ್ಪು. "ಒಳಗೆ ಹಿಡಿದೇ ಇಲ್ಲ. ಮೇಲೆ ಥಳಕು, ಒಳಗೆ ಹುಳುಕು. ಹಗ್ಗ ಕಟ್ಟಿದ್ದು ನಾನು. ನಿನ್ನೆ ಟಿವಿ ಅವಳ ಮೇಲೆ ಬೀಳ್ತಿತ್ತು ಕಣಮ್ಮ, ಅದಕ್ಕೆ ತಳ್ಳಿದೆ. ಆ ಶಿಶುವಿಹಾರದ ಕಂಬೀನೂ ಅದೇ ವಾರ ಮಾಡಿದ್ದು, ಇದೇ ಕೈಯಲ್ಲಿ. ನೋಡು."

ಬಲಗೈ ಚಾಚಿದರು. ಅದು ಎಲ್ಲರೆದುರು ನಡುಗಿತು.

ಸೊಸೆ ಮಗುವನ್ನು ಬಾಚಿ ಎತ್ತಿಕೊಂಡಳು. "ಗಂಟು ಉಜ್ಜಿ ಅಂದೋಳು ನಾನೇ ಅಲ್ವಾ ಮಾವ."

"ನಿನ್ನ ತಪ್ಪಲ್ಲ. ಬೆಸುಗೆ ಒಳಗೆ ಕೂತಿದ್ರೆ ಉಜ್ಜಿದ್ರೂ ಹಿಡೀತಿತ್ತು. ಆಗಲ್ಲ ಅನ್ನೋಕೆ ನನಗೆ ಬಾಯಿರಲಿಲ್ವಾ?"

"ಎಷ್ಟು ದಿನದಿಂದ ಹೀಗೆ?" ಎಂದ ಮಗ.

ಉತ್ತರ ಕೊಟ್ಟದ್ದು ಅಜ್ಜಿ. "ಆರು ತಿಂಗಳು. ತುಂಬಿದ ಲೋಟ ಕೊಟ್ರೆ ಚೆಲ್ಕೊಳ್ತಿದ್ರು. ನಾನೇ ಅರ್ಧ ಮಾಡಿದೆ. ಕೇಳಿದ್ರೆ ನೊಂದ್ಕೊಳ್ತಾರೆ ಅಂತ ಸುಮ್ಮನಿದ್ದೆ."

"ಆರು ತಿಂಗಳು!" ಮಗ ದನಿ ತಗ್ಗಿಸಿದ. "ಅಪ್ಪಾ, ಇದನ್ನ ಹೊರಗೆ ಹೇಳಿದ್ರೆ ನಿನ್ನ ಹೆಸರು ಮಣ್ಣುಪಾಲು. ಮೆತ್ತಗೆ ಯಾರನ್ನಾದ್ರೂ ಕಳಿಸಿ ಸರಿಮಾಡಿಸೋಣ. ಪೈಪ್ ಸರಿಯಿರ್ಲಿಲ್ಲ, ಅಂಗಡಿಯೋನು ಮೋಸ ಮಾಡಿದ ಅಂತ ಹೇಳೋಣ."

"ಇವತ್ತು ಭಾನುವಾರ. ಯಾರು ಸಿಗ್ತಾರೆ? ನಾಳೆ ಬೆಳಿಗ್ಗೆ ಮಕ್ಕಳು ಬರ್ತಾರೆ," ಎಂದರು ಮೇಸ್ತ್ರಿ.

"ಹೆಸರು ಹೋಯ್ತು ಅಂದ್ರೆ ಆಮೇಲೆ..."

"ಹೆಸರು ಹೋಗ್ಲಿ ಬಿಡ್ರಿ!" ಸೊಸೆ ಕಿರುಚಿದಳು. "ನಾಳೆ ನಾನೇ ಇವಳ ಕೈ ಹಿಡ್ಕೊಂಡು ಹೋಗಿ ಅಲ್ಲಿ ಬಿಟ್ಟು ಬರ್ತಿದ್ದೆ."

ಮೇಸ್ತ್ರಿ ಟಿವಿಯ ಖಾಲಿ ಪೆಟ್ಟಿಗೆಯಿಂದ ಒಂದು ರಟ್ಟು ಹರಿದು, ಸೊಸೆಯ ಕೈಗೆ ಕೊಟ್ಟು, "ಬರೀ," ಎಂದರು. ಆರು ತಿಂಗಳಲ್ಲಿ ಮಾಡಿದ ಕೆಲಸಗಳನ್ನು ಒಂದೊಂದೇ ನೆನಪಿಸಿಕೊಂಡರು. ಕಿಟಕಿ ಸರಳು, ಗೇಟುಗಳನ್ನು ಬಿಟ್ಟರು. ಅವು ಮುರಿದರೆ ಮುರಿಯಲಿ. ಮನುಷ್ಯರು ಒರಗುವಂಥವು ಐದು. ಮೊದಲನೆಯದು ಶಿಶುವಿಹಾರ.

ಮಗುವಿನೊಂದಿಗೆ ಮಗ ಮನೆಯಲ್ಲೇ ಉಳಿದ. ಮೇಸ್ತ್ರಿ ಸುತ್ತಿಗೆ ಹಿಡಿದು ಹೊರಟಾಗ ಸೊಸೆ ಚಪ್ಪಲಿ ಮೆಟ್ಟಿ ಹಿಂದೆಯೇ ಬಂದಳು.

ಟೀಚರಮ್ಮ ಬಾಗಿಲಿಗೆ ಬಣ್ಣದ ಕಾಗದ ಅಂಟಿಸುತ್ತಿದ್ದರು. "ಬನ್ನಿ ಮೇಸ್ತ್ರಿ! ನಾಳೆಗೆ ಹದಿನಾರು ಮಕ್ಕಳು."

"ಕಂಬಿ ಒಂದ್ಸಲ ನೋಡ್ಬೇಕಿತ್ತಮ್ಮ."

ಮೇಸ್ತ್ರಿ ಕೂತು ಮೊದಲ ಸರಳಿಗೆ ಸುತ್ತಿಗೆ ಎತ್ತಿದರು. ಪೆಟ್ಟು ಪಕ್ಕಕ್ಕೆ ಬಿತ್ತು. ಇನ್ನೊಂದು ಸಲ ಎತ್ತಿದರು, ಅದೂ ತಪ್ಪಿತು. ಸೊಸೆ ಅವರ ಕೈಯಿಂದ ಸುತ್ತಿಗೆ ತೆಗೆದುಕೊಂಡಳು. "ಎಲ್ಲಿ ಹೊಡೀಬೇಕು ತೋರಿಸಿ ಮಾವ."

"ಬುಡದಲ್ಲಿ, ಬೆಸುಗೆ ಪಕ್ಕ. ಮೆತ್ತಗೆ. ಗಟ್ಟಿ ಇದ್ರೆ ಗಂಟೆ ಥರ ಕೇಳುತ್ತೆ." ಅವರು ಮೇಲಿನ ಕಂಬಿಗೆ ಕಿವಿ ಕೊಟ್ಟರು.

ಅವಳು ಹೊಡೆಯುತ್ತ ಹೋದಳು. "ಸರಿ," ಎನ್ನುತ್ತಿದ್ದರು ಮೇಸ್ತ್ರಿ. "ಸರಿ. ಸರಿ." ಏಳನೆಯ ಸರಳು ಸರಿಯಾಗಿತ್ತು, ಎಂಟನೆಯದೂ. ಪ್ರತಿ ಪೆಟ್ಟಿಗೂ ಅವರ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಅವಳಿಗೆ ಎಲ್ಲವೂ ಗಟ್ಟಿ ಎಂಬ ಆಸೆ ಹುಟ್ಟತೊಡಗಿತ್ತು. ಹನ್ನೊಂದನೆಯದಕ್ಕೆ ಹೊಡೆದಾಗ ಡಬ್ ಎಂದಿತು.

"ಇನ್ನೊಂದು ಸಲ."

ಹೊಡೆದಳು. ಸರಳು ಬುಡದಿಂದ ಬಿಟ್ಟು, ಮೇಲಿನಿಂದಲೂ ಕಳಚಿ, ಕೆಳಗೆ ಬೇಕರಿಯ ಮುಂದಿನ ಕಲ್ಲಿನ ಮೇಲೆ ಬಿದ್ದು ಠಣ್ಣೆಂದಿತು. ಉಳಿದ ಕಂಡಿಯಲ್ಲಿ ಒಂದು ಮಗು ಸಲೀಸಾಗಿ ನುಸುಳಬಹುದಿತ್ತು.

ಟೀಚರಮ್ಮನ ಕೈಯಿಂದ ಕಾಗದ ಜಾರಿತು. "ಇದು... ಬೇರೆ ಯಾರಿಗಾದ್ರೂ ಕೊಟ್ಟು ಮಾಡಿಸಿದ್ರಾ ಮೇಸ್ತ್ರಿ?"

ಹೂಂ ಅಂದಿದ್ದರೆ ನಡೆದುಹೋಗುತ್ತಿತ್ತು. ಸೊಸೆ ಮಾವನ ಮುಖ ನೋಡಿದಳು.

"ಇಲ್ಲಮ್ಮ. ನಾನೇ. ನನ್ನ ಕೈ ನಿಲ್ತಿಲ್ಲ. ಗೊತ್ತಿತ್ತು, ಮುಚ್ಚಿಟ್ಟೆ. ಈ ಬಾಗಿಲಿಗೆ ಬೀಗ ಹಾಕಿ. ಬೇರೆಯವರನ್ನ ಕರೆಸಿ, ಎಲ್ಲಾ ಬಿಚ್ಚಿ ಹೊಸದು ಹಾಕ್ಸಿ. ಖರ್ಚು ನಂದು."

"ಗೊತ್ತಿತ್ತಾ?" ಟೀಚರಮ್ಮನ ದನಿ ಏರಿತು. "ಗೊತ್ತಿದ್ದೂ ಇಷ್ಟು ದಿನ ಸುಮ್ಮನಿದ್ರಾ? ನಿಮಗೂ ಮೊಮ್ಮಗಳು ಇದಾಳೆ ಅಲ್ವಾ?" ಅವರು ಬೈದರು. ಬೈಯುತ್ತ ಅತ್ತರು. ಮೇಸ್ತ್ರಿ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಬಾಲ್ಕನಿಯ ಬಾಗಿಲಿಗೆ ಬೀಗ ಬಿದ್ದ ಮೇಲೆಯೇ ಅಲ್ಲಿಂದ ಹೊರಟರು.

ಬೀದಿಯಲ್ಲಿ ಸೊಸೆ ರಟ್ಟು ತೆಗೆದು ಓದಿದಳು. ಎರಡನೆಯದು, ನರ್ಸಮ್ಮನ ಮನೆ, ಹೊರಗಿನ ಮೆಟ್ಟಿಲು.

"ಒಂದು ಗಳಿಗೆ ಕೂತ್ಕೊಳ್ತೀರಾ ಮಾವ? ನೀರು ತರ್ತೀನಿ."

"ಬೇಡ. ನಡಿ. ಬೇಗ ನಡಿ."

ನರ್ಸಮ್ಮ ಗುಂಡು ಗುಂಡಗಿನ ನಗುಮುಖದ ಹೆಂಗಸು. ಮೊದಲ ಮಹಡಿಯ ಮೆಟ್ಟಿಲ ತುದಿಯಲ್ಲಿ ನಿಂತು ಬಟ್ಟೆ ಒಣಹಾಕುತ್ತಿದ್ದರು. ಬೀದಿಯಲ್ಲಿ ಇವರನ್ನು ಕಂಡು ಒದ್ದೆ ಕೈ ಸೀರೆಗೆ ಒರೆಸಿಕೊಂಡು, ಕಂಬಿಯ ಮೇಲೆ ಎರಡೂ ಮೊಣಕೈ ಊರಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಕೆಳಕ್ಕೆ ಬಾಗಿದರು.

"ಏನ್ ಮೇಸ್ತ್ರಿ, ಈ ಬಿಸಿಲಲ್ಲಿ ಸೊಸೇನ ಕರ್ಕೊಂಡು ಎಲ್ಲಿಗೆ?"

ಮೇಸ್ತ್ರಿ ಕೈ ಮೇಲೆತ್ತಿದರು. "ನರ್ಸಮ್ಮ, ಬಾಗಬೇಡಿ. ಹಿಂದಕ್ಕೆ ಒಂದು ಹೆಜ್ಜೆ ಇಡಿ."

"ಯಾಕೆ?" ನರ್ಸಮ್ಮ ನಕ್ಕು, ಕಂಬಿಯನ್ನು ಹಿಡಿದು ಒಂದು ಸಲ ಅಲುಗಿಸಿದರು. "ಏನೂ ಆಗಲ್ಲ ಬಿಡಿ, ಇದು ನೀವು ಮಾಡಿದ್ದು."

"ಅದಕ್ಕೇ ತಾಯಿ," ಎಂದರು ಮೇಸ್ತ್ರಿ. "ನಾನು ಮಾಡಿದ್ದು, ಅದಕ್ಕೇ ಹೇಳ್ತಿರೋದು."